ಕಲ್ಲಿನೊಳಗಿನ ಎಣ್ಣೆಗೆ ಅನಿಲದ ಕೀಲಿ

ಗಾಣದಲ್ಲಿ ಎಷ್ಟೇ ಹಿಂಡಿದರೂ ಶೇಂಗಾ ಹಿಂಡಿಯಲ್ಲಿ ಸ್ವಲ್ಪ ಎಣ್ಣೆ ಉಳಿದೇ ಉಳಿಯುತ್ತದೆ. ಅದನ್ನೂ ಬಿಡಬಾರದೆಂದು ಕಾರ್ಖಾನೆಗಳಲ್ಲಿ ಹಿಂಡಿಯನ್ನು ಹೆಕ್ಸೇನ್ ಎಂಬ ದ್ರಾವಕದಲ್ಲಿ ನೆನೆಸಿ, ಕರಗಿ ಬಂದ ಎಣ್ಣೆಯನ್ನು ಬೇರ್ಪಡಿಸುತ್ತಾರೆ. ನೆಲದಡಿ ಕಿಲೋಮೀಟರುಗಟ್ಟಲೆ ಆಳದಲ್ಲಿರುವ ಬಿಗಿ ಬಂಡೆಗಳಿಂದ ಕಚ್ಚಾತೈಲ ತೆಗೆಯುವವರು ಇಂದು ಎದುರಿಸುತ್ತಿರುವ ಸಮಸ್ಯೆಯೂ ಇದೇ ಬಗೆಯದು. ವ್ಯತ್ಯಾಸವೆಂದರೆ ಅಲ್ಲಿ ಹಿಂಡಿಯಲ್ಲಿ ಉಳಿಯುವುದು ಸ್ವಲ್ಪವಲ್ಲ, ಬಹುಪಾಲು.

ಅಮೆರಿಕದ ನಾರ್ತ್ ಡಕೋಟಾ ರಾಜ್ಯದ ಕೆಳಗೆ ಹರಡಿರುವ ಬಕೆನ್ ಶಿಲಾಸ್ತರವನ್ನು ನೋಡೋಣ. ಅಲ್ಲಿ ಬಾವಿಯನ್ನು ಮೊದಲು ನೇರವಾಗಿ ಕೊರೆದು, ಬಳಿಕ ಅಡ್ಡಲಾಗಿ ತಿರುಗಿಸಿ, ಸುಮಾರು 3 ಕಿಲೋಮೀಟರ್ ದೂರ ಸ್ತರದೊಳಗೇ ಒಯ್ಯುತ್ತಾರೆ. ನಂತರ ನೀರು ಮತ್ತು ಮರಳನ್ನು ಭಾರಿ ಒತ್ತಡದಲ್ಲಿ ನುಗ್ಗಿಸಿ ಬಂಡೆಯಲ್ಲಿ ಬಿರುಕು ಮೂಡಿಸುತ್ತಾರೆ. ತೈಲ ಮೊದಲ ತಿಂಗಳುಗಳಲ್ಲಿ ರಭಸದಿಂದ ಬಂದು, ಒಂದೆರಡು ವರ್ಷಗಳಲ್ಲೇ ಸೊರಗುತ್ತದೆ. ಇಂತಹ ಬಂಡೆಗಳಲ್ಲಿ ಸಾಮಾನ್ಯವಾಗಿ ಕೈಗೆ ಸಿಗುವುದು ಒಟ್ಟು ತೈಲದ ಶೇ. 5ರಿಂದ 10ರಷ್ಟು ಮಾತ್ರ. ಬಿರುಕುಗಳು ಊರಿನ ಹೆದ್ದಾರಿಗಳಿದ್ದಂತೆ. ತೈಲವಿರುವುದು ಮನೆಗಳೊಳಗೆ, ಅಂದರೆ ನ್ಯಾನೋಮೀಟರುಗಳಲ್ಲಿ ಅಳೆಯಬೇಕಾದ ರಂಧ್ರಗಳಲ್ಲಿ. ಹಳೆಯ ತೈಲಕ್ಷೇತ್ರಗಳಲ್ಲಿ ಮಾಡುವಂತೆ ನೀರು ತಳ್ಳಿ ತೈಲವನ್ನು ಹೊರದೂಡೋಣವೆಂದರೆ, ಅಷ್ಟು ಸೂಕ್ಷ್ಮ ರಂಧ್ರಗಳೊಳಕ್ಕೆ ನೀರು ಹೋಗುವುದೇ ಕಷ್ಟ.

ಅನಿಲ ಹೋಗುತ್ತದೆ. ನಾರ್ತ್ ಡಕೋಟಾ ವಿಶ್ವವಿದ್ಯಾಲಯದ ಸಂಶೋಧಕರು ಬಕೆನ್‌ನ ನಡುಪದರದಿಂದ ತೆಗೆದ, ಬೆರಳಿನ ದಪ್ಪದ ಕಲ್ಲಿನ ಕಡ್ಡಿಯನ್ನು 110 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ವಾಯುಮಂಡಲದ ಸುಮಾರು 340 ಪಟ್ಟು ಒತ್ತಡದ ಇಂಗಾಲದ ಡೈಆಕ್ಸೈಡ್‌ನಲ್ಲಿ ಇರಿಸಿದರು. ಒಂದೇ ದಿನದೊಳಗೆ ಕಲ್ಲಿನಲ್ಲಿದ್ದ ತೈಲದ ಬಹುಪಾಲು ಹೊರಬಂತು. ಆ ಒತ್ತಡದಲ್ಲಿ ಅನಿಲವು ದ್ರವದಷ್ಟು ಸಾಂದ್ರವಾಗಿ, ತೈಲದಲ್ಲಿ ಕರಗಿ, ಅದನ್ನು ಉಬ್ಬಿಸುತ್ತದೆ ಮತ್ತು ತೆಳುವಾಗಿಸುತ್ತದೆ. ತೈಲದ ಹಗುರ ಅಂಶಗಳನ್ನು ತನ್ನೊಳಗೂ ಎಳೆದುಕೊಳ್ಳುತ್ತದೆ. ಇಲ್ಲಿ ತೈಲವನ್ನು ಹೊರಗೆ ತರುವುದು ತಳ್ಳುವ ಬಲಕ್ಕಿಂತ ಹೆಚ್ಚಾಗಿ ಅಣುಗಳ ನಿಧಾನದ ಬೆರೆಯುವಿಕೆ.

ಬೆರೆಯಲು ಸಮಯ ಬೇಕು. ಆದ್ದರಿಂದಲೇ ಬಿಗಿ ಬಂಡೆಗಳಲ್ಲಿ ಒಂದು ಬಾವಿಯಿಂದ ಇನ್ನೊಂದಕ್ಕೆ ಅನಿಲ ಹರಿಸುವುದರ ಬದಲು ‘ಹಫ್ ಆ್ಯಂಡ್ ಪಫ್’ ಎಂಬ ಕ್ರಮ ಹೆಚ್ಚು ಬಳಕೆಗೆ ಬಂದಿದೆ: ಒಂದೇ ಬಾವಿಗೆ ವಾರಗಟ್ಟಲೆ ಅನಿಲ ತುಂಬುವುದು, ಬಾಯಿ ಮುಚ್ಚಿ ನೆನೆಯಲು ಬಿಡುವುದು, ಬಳಿಕ ಅದೇ ಬಾವಿಯಿಂದ ಅನಿಲ ಮತ್ತು ತೈಲವನ್ನು ಒಟ್ಟಿಗೆ ಹೊರತೆಗೆಯುವುದು, ಮತ್ತೆ ತುಂಬುವುದು. ಟೆಕ್ಸಾಸ್‌ನ ಈಗಲ್ ಫೋರ್ಡ್ ಸ್ತರದಲ್ಲಿ ನೈಸರ್ಗಿಕ ಅನಿಲ ಬಳಸಿ ಇದನ್ನು ಪರೀಕ್ಷಿಸಿದ ಇಒಜಿ ರಿಸೋರ್ಸಸ್ ಕಂಪನಿ, ಪ್ರತಿ ಬಾವಿಯ ತೈಲ ಇಳುವರಿ ಶೇ. 30ರಿಂದ 70ರಷ್ಟು ಹೆಚ್ಚಬಹುದೆಂದು 2016ರಲ್ಲಿ ಪ್ರಕಟಿಸಿತು.

ಪ್ರಯೋಗಾಲಯದ ಕಡ್ಡಿಗೆ ಸುತ್ತಲೂ ಅನಿಲ ತಾಗುತ್ತದೆ. ನೆಲದಡಿ ಅಂತಹ ಅನುಕೂಲವಿಲ್ಲ. ಬಕೆನ್‌ನ ಆರಂಭದ ಪ್ರಯೋಗಗಳಲ್ಲಿ ಅನಿಲವು ಬಂಡೆಯಲ್ಲಿ ನೆನೆಯುವ ಮೊದಲೇ ಬಿರುಕುಗಳ ಮೂಲಕ ನುಸುಳಿ ಪಕ್ಕದ ಬಾವಿಗಳನ್ನು ಸೇರಿತು. ಒತ್ತಡ ನಿಲ್ಲದಿದ್ದರೆ ಅನಿಲ ತೈಲದೊಂದಿಗೆ ಬೆರೆಯದು. ಹಾಗಾಗಿ ಸೋರಿಕೆಯ ದಾರಿಯಲ್ಲಿರುವ ನೆರೆಯ ಬಾವಿಗಳನ್ನೂ ಅದೇ ಹೊತ್ತಿನಲ್ಲಿ ಮುಚ್ಚಬೇಕಾಗುತ್ತದೆ, ಇಲ್ಲವೇ ಅವುಗಳಿಗೂ ಅನಿಲ ತುಂಬಬೇಕಾಗುತ್ತದೆ. ಇಷ್ಟು ಒತ್ತಡ ಕೊಡುವ ಕಂಪ್ರೆಸರುಗಳ ವೆಚ್ಚವೂ ಕಡಿಮೆಯದಲ್ಲ.

ಹೀಗೆ ತೆಗೆದ ತೈಲವೂ ಕೊನೆಗೆ ಉರಿದು ಇಂಗಾಲವಾಗಿಯೇ ಆಕಾಶ ಸೇರುತ್ತದೆ ಎಂಬುದನ್ನು ಮರೆಮಾಚಲಾಗದು. ಆದರೂ ನನ್ನನ್ನು ಹೆಚ್ಚು ಕಾಡುವುದು ಬಕೆನ್‌ನ ಇನ್ನೊಂದು ದೃಶ್ಯ. ತೈಲದ ಜೊತೆ ಮೇಲೆ ಬರುವ ಅನಿಲವನ್ನು ಸಾಗಿಸಲು ಸಾಕಷ್ಟು ಕೊಳವೆಮಾರ್ಗಗಳಿಲ್ಲದೆ, ಬಾವಿಗಳ ಪಕ್ಕದಲ್ಲೇ ಅದನ್ನು ಸುಡುತ್ತಾ ಬಂದರು. ಉಪಗ್ರಹಗಳ ರಾತ್ರಿ ಚಿತ್ರಗಳಲ್ಲಿ ಆ ವಿರಳ ಜನವಸತಿಯ ಬಯಲು ದೊಡ್ಡ ನಗರದಂತೆ ಹೊಳೆಯಿತು. ಆ ಅನಿಲದಲ್ಲಿ ಮೀಥೇನ್ ಜೊತೆಗೆ ಈಥೇನ್, ಪ್ರೊಪೇನ್‌ಗಳೂ ಇವೆ, ಮತ್ತು ಈ ಎರಡೂ ಇಂಗಾಲದ ಡೈಆಕ್ಸೈಡ್‌ಗಿಂತ ಕಡಿಮೆ ಒತ್ತಡದಲ್ಲೇ ಬಕೆನ್ ತೈಲದೊಂದಿಗೆ ಬೆರೆಯುತ್ತವೆ. ಕೆಳಗಿನ ಬಂಡೆಗೆ ಬೇಕಾಗಿದ್ದ ದ್ರಾವಕವೇ ಮೇಲೆ ಜ್ವಾಲೆಯಾಗಿ ಉರಿಯುತ್ತಿತ್ತು.