ಕ್ಯಾಮೆರಾ ಯಾರ ಮುಖ ನೋಡುತ್ತಿತ್ತು?

1994ರ ಮೇ ತಿಂಗಳು. ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ 'ಮೆಲ್ರೋಸ್ ಪ್ಲೇಸ್' ಧಾರಾವಾಹಿಯ ಎರಡನೇ ಸೀಸನ್‌ನ ಕೊನೆಯ ಕಂತು. ಮ್ಯಾಟ್ ಎಂಬ ಗೇ ಯುವಕನೂ ರಾಬ್ ಎಂಬ ಇನ್ನೊಬ್ಬನೂ ಮುಖಾಮುಖಿ ನಿಂತಿದ್ದಾರೆ. ಮುಖಗಳು ನಿಧಾನವಾಗಿ ಹತ್ತಿರವಾಗುತ್ತವೆ. ಇನ್ನೇನು ತುಟಿ ತಾಗಬೇಕು, ಅಷ್ಟರಲ್ಲಿ ಕ್ಯಾಮೆರಾ ಕಿಟಕಿಯಿಂದ ಇಣುಕುತ್ತಿರುವ ಬಿಲ್ಲಿಯ ಕಡೆ ಹೊರಳುತ್ತದೆ. ಅವನ ಕಣ್ಣು ಅಗಲವಾಗುತ್ತದೆ. ಮುತ್ತಿನ ದೃಶ್ಯವನ್ನು ಚಿತ್ರೀಕರಿಸಿದ್ದರು. ವಾಹಿನಿ ಅದನ್ನು ಕತ್ತರಿಸಿತು. ನಮಗೆ ಸಿಕ್ಕಿದ್ದು ಗೇ ಅಲ್ಲದ ಗಂಡಸೊಬ್ಬ ಬೆಚ್ಚಿಬಿದ್ದ ಮುಖ ಮಾತ್ರ. ಎಲ್ಲರೂ ಎಲ್ಲರ ಜೊತೆ ಮಲಗುವುದೇ ಕಥೆಯಾಗಿದ್ದ ಆ ಧಾರಾವಾಹಿಯಲ್ಲಿ ಮ್ಯಾಟ್ ಒಬ್ಬನೇ ಸನ್ಯಾಸಿಯ ಹಾಗೆ ಬದುಕಬೇಕಾಗಿತ್ತು ಎಂಬುದನ್ನೂ ಹೇಳಿಬಿಡಬೇಕು.

ಈ ಒಂದು ಕತ್ತರಿಯಲ್ಲಿ ಹಳೆಯ ಟಿವಿ ನಾಟಕಗಳ ಸ್ವಭಾವವೇ ಇದೆ ಎನಿಸುತ್ತದೆ. ಗೇ ಪಾತ್ರಗಳು ಅಲ್ಲಿ ಇರಲೇ ಇಲ್ಲ ಎನ್ನುವುದು ನಿಜವಲ್ಲ, ಬೇಕಾದಷ್ಟು ಇದ್ದವು. ಆದರೆ ಅವರು 'ನಾನು ಗೇ' ಎಂದು ಹೇಳಿಕೊಳ್ಳುವ ಗಳಿಗೆ ಅವರದಾಗಿರಲಿಲ್ಲ. ಅದು ಕೇಳಿಸಿಕೊಂಡವರ ಕಥೆಯಾಗಿರುತ್ತಿತ್ತು. ಅಪ್ಪನಿಗೆ ಎಷ್ಟು ಆಘಾತವಾಯಿತು, ಹೆಂಡತಿ ಹೇಗೆ ತಡೆದುಕೊಂಡಳು, ಮಗ ಕ್ಷಮಿಸುತ್ತಾನೋ ಇಲ್ಲವೋ. ಹೇಳಿದವನು ತಲೆತಗ್ಗಿಸಿ ತೀರ್ಪಿಗೆ ಕಾಯಬೇಕು.

ಬ್ರಿಟನ್ನಿನಲ್ಲಿ ಇದರ ಮೊದಲ ಕುರುಹುಗಳು ಅಚ್ಚರಿಯಾಗುವಷ್ಟು ಹಳೆಯವು. 1959ರ ನವೆಂಬರ್‌ನಲ್ಲಿ ಗ್ರಾನಡಾ ಸಂಸ್ಥೆ 'ಸೌತ್' ಎಂಬ ನಾಟಕವನ್ನು ಪ್ರಸಾರ ಮಾಡಿತು. ಅಮೆರಿಕದ ಅಂತರ್ಯುದ್ಧದ ಹೊಸ್ತಿಲಲ್ಲಿ ನಡೆಯುವ ಕಥೆ; ಗಂಡಸೊಬ್ಬನ ಮೇಲೆ ಮನಸ್ಸಿಟ್ಟು ಬೇಯುವ ಪೋಲಿಷ್ ಸೈನ್ಯಾಧಿಕಾರಿಯಾಗಿ ಪೀಟರ್ ವಿಂಗಾರ್ಡ್ ನಟಿಸಿದ್ದರು. ಆಗ ಗಂಡಸರ ನಡುವಿನ ಲೈಂಗಿಕ ಸಂಬಂಧ ಬ್ರಿಟನ್ನಿನಲ್ಲಿ ಅಪರಾಧ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕಾನೂನು ಸಡಿಲವಾದದ್ದು 1967ರಲ್ಲಿ, ಅದೂ 21 ವರ್ಷ ದಾಟಿದವರಿಗೆ, ನಾಲ್ಕು ಗೋಡೆಗಳ ಒಳಗೆ ಮಾತ್ರ. 1974ರಲ್ಲಿ ಬಿಬಿಸಿಯ 'ಗರ್ಲ್' ನಾಟಕದಲ್ಲಿ ಸೇನೆಯ ಇಬ್ಬರು ಹೆಂಗಸರು ಮುತ್ತಿಟ್ಟುಕೊಂಡರು. ಇವೆಲ್ಲ ಒಂದು ರಾತ್ರಿ ಬಂದು ಹೋದ ನಾಟಕಗಳು. ವಾರವಾರವೂ ಮನೆಯೊಳಗೆ ಬರುವ ಪಾತ್ರದ ಮಾತೇ ಬೇರೆ.

ಅಂಥ ಪಾತ್ರ ಮೊದಲು ಬಂದದ್ದು ಯಾರೂ ನಿರೀಕ್ಷಿಸದ ಕಡೆಯಿಂದ. 1972ರ ಮಾರ್ಚ್ 13ರಂದು ಆಸ್ಟ್ರೇಲಿಯಾದಲ್ಲಿ 'ನಂಬರ್ 96' ಧಾರಾವಾಹಿ ಶುರುವಾಯಿತು. ಸಿಡ್ನಿಯ ಪ್ಯಾಡಿಂಗ್‌ಟನ್ ಬಡಾವಣೆಯ ಒಂದು ಅಪಾರ್ಟ್‌ಮೆಂಟ್ ಕಟ್ಟಡ, ಅದರ ನಿವಾಸಿಗಳ ಜಗಳ, ಪ್ರಣಯ, ಹಾದರ. ಅವರಲ್ಲಿ ಒಬ್ಬ ಡಾನ್ ಫಿನ್ಲೇಸನ್, ವಕೀಲ. ಜೋ ಹಾಶಮ್ ಆ ಪಾತ್ರ ಮಾಡಿದರು. ಡಾನ್ ಗೇ ಎಂಬುದು ಕಥೆಯಲ್ಲಿ ಬೇಗನೆ ಬಯಲಾಗುತ್ತದೆ. ಆಮೇಲೆ? ಆಮೇಲೆ ಏನೂ ಆಗುವುದಿಲ್ಲ, ಅದೇ ಅದರ ಸೊಗಸು. ಅವನು ಸಾಯುವುದಿಲ್ಲ, ವಾಸಿಯಾಗುವುದಿಲ್ಲ, ಊರು ಬಿಡುವುದಿಲ್ಲ. ಅದೇ ಕಟ್ಟಡದಲ್ಲಿ ಇದ್ದುಕೊಂಡು ಅಕ್ಕಪಕ್ಕದವರ ಕಾನೂನು ತಕರಾರು ಬಿಡಿಸುತ್ತಾನೆ, ಅವರ ಗೋಳು ಕೇಳುತ್ತಾನೆ, ಸಂಗಾತಿಗಳನ್ನು ಹುಡುಕಿಕೊಳ್ಳುತ್ತಾನೆ, ಕಳೆದುಕೊಳ್ಳುತ್ತಾನೆ. ಇಡೀ ಕಟ್ಟಡದಲ್ಲಿ ತಲೆ ನೆಟ್ಟಗಿರುವವನು ಅವನೊಬ್ಬನೇ ಎನ್ನುವಂತಿತ್ತು.

ಹೊರಗಿನ ಲೋಕ ಹಾಗಿರಲಿಲ್ಲ. ಧಾರಾವಾಹಿ ಶುರುವಾಗಿ ಎರಡು ತಿಂಗಳು ತುಂಬುವ ಮೊದಲೇ ಅಡಿಲೇಡ್‌ನಲ್ಲಿ ಜಾರ್ಜ್ ಡಂಕನ್ ಎಂಬ ಗೇ ಕಾನೂನು ಉಪನ್ಯಾಸಕರನ್ನು ಟಾರೆನ್ಸ್ ನದಿಗೆ ಎಸೆದರು, ಅವರು ಮುಳುಗಿ ಸತ್ತರು. ಆ ಸಾವು ಎಬ್ಬಿಸಿದ ಗದ್ದಲದಿಂದಾಗಿ ಸೌತ್ ಆಸ್ಟ್ರೇಲಿಯಾ, ಗಂಡಸರ ನಡುವಿನ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ ಕಾನೂನನ್ನು 1975ರಲ್ಲಿ ಬದಲಿಸಿತು. ಡಾನ್ ಇದ್ದ ಸಿಡ್ನಿಯಲ್ಲಿ, ಅಂದರೆ ನ್ಯೂ ಸೌತ್ ವೇಲ್ಸ್‌ನಲ್ಲಿ, ಅದಕ್ಕೆ 1984ರವರೆಗೆ ಕಾಯಬೇಕಾಯಿತು. ಧಾರಾವಾಹಿ ಮುಗಿದದ್ದು 1977ರಲ್ಲಿ. ಅಂದರೆ ಜನ ಮೆಚ್ಚಿದ ಆ ವಕೀಲ, ಕಥೆ ನಡೆದಷ್ಟು ಕಾಲವೂ ಕಾನೂನಿನ ಕಣ್ಣಿನಲ್ಲಿ ಅಪರಾಧಿಯೇ.

ಇಷ್ಟು ಧೈರ್ಯ ಎಲ್ಲಿಂದ ಬಂತು? ಆದರ್ಶದಿಂದ ಎಂದು ಹೇಳಲು ನನಗೂ ಆಸೆ. ಆದರೆ ಆ ವಾಹಿನಿ ನಷ್ಟದಲ್ಲಿ ಮುಳುಗುತ್ತಿತ್ತು, ಜನರನ್ನು ಸೆಳೆಯಲು ಏನನ್ನಾದರೂ ತೋರಿಸಲು ಸಿದ್ಧವಿತ್ತು. ಕಳೆದುಕೊಳ್ಳಲು ಏನೂ ಇಲ್ಲದವರ ಧೈರ್ಯ ಅದು. ಅಮೆರಿಕದ ದೊಡ್ಡ ವಾಹಿನಿಗಳಿಗೆ ಕಳೆದುಕೊಳ್ಳಲು ಬಹಳ ಇತ್ತು.

ಅದೇ 1972ರ ನವೆಂಬರ್ 1ರಂದು ಅಮೆರಿಕದ ಎಬಿಸಿ ವಾಹಿನಿ 'ದಟ್ ಸರ್ಟನ್ ಸಮರ್' ಎಂಬ ಟಿವಿ ಚಿತ್ರವನ್ನು ಪ್ರಸಾರ ಮಾಡಿತು. ಹೆಂಡತಿಯಿಂದ ಬೇರೆಯಾದ ಡಗ್ (ಹ್ಯಾಲ್ ಹೋಲ್‌ಬ್ರೂಕ್) ಸ್ಯಾನ್ ಫ್ರಾನ್ಸಿಸ್ಕೋ ಕಡೆ ಗ್ಯಾರಿ (ಮಾರ್ಟಿನ್ ಶೀನ್) ಎಂಬುವನ ಜೊತೆ ಸಂಸಾರ ಹೂಡಿದ್ದಾನೆ. ರಜೆಗೆ 14 ವರ್ಷದ ಮಗ ನಿಕ್ ಬರುತ್ತಾನೆ. ಮನೆಯಲ್ಲಿ ಏನೋ ಇದೆ ಎಂದು ಹುಡುಗನಿಗೆ ವಾಸನೆ ಹತ್ತುತ್ತದೆ. ಮನೆ ಬಿಟ್ಟು ನಗರದೊಳಗೆ ಅಲೆಯುತ್ತಾನೆ. ಕೊನೆಗೆ ಅಪ್ಪ ಕೂತು ಹೇಳಬೇಕಾಗುತ್ತದೆ. ರಿಚರ್ಡ್ ಲೆವಿನ್ಸನ್ ಮತ್ತು ವಿಲಿಯಂ ಲಿಂಕ್ ಬರೆದ ಈ ದೃಶ್ಯವನ್ನು ಈಗ ನೋಡಿದರೂ ಗಂಟಲು ಕಟ್ಟುತ್ತದೆ. ಜೊತೆಗೆ ಸಿಟ್ಟೂ ಬರುತ್ತದೆ. ಏಕೆಂದರೆ ಬಹಳ ಜನ ಇದನ್ನು ತಪ್ಪು, ಕಾಯಿಲೆ ಅನ್ನುತ್ತಾರೆ ಎಂದು ಹೇಳಿದ ಮೇಲೆ ಡಗ್, ನನ್ನ ಕೈಯಲ್ಲಿದ್ದಿದ್ದರೆ ನಾನಾಗಿ ಇದನ್ನು ಆರಿಸಿಕೊಳ್ಳುತ್ತಿರಲಿಲ್ಲ ಎಂದು ಸೇರಿಸುತ್ತಾನೆ. ಅದು ವಾಹಿನಿಯ ಒತ್ತಾಯಕ್ಕೆ ಬಂದ ಮಾತು. ಇಬ್ಬರು ಗಂಡಸರು ಸುಖವಾಗಿದ್ದಾರೆ ಎಂದು ತೋರಿಸಬೇಕಾದರೆ, ಆ ಸುಖಕ್ಕಾಗಿ ಒಬ್ಬನಾದರೂ ಕ್ಷಮೆ ಕೇಳಿರಬೇಕು.

ಹಾಗಿದ್ದೂ ಇದು ಆ ಕಾಲಕ್ಕೆ ದೊಡ್ಡ ಹೆಜ್ಜೆಯೇ. ಡಗ್ ಕಟ್ಟಡ ಗುತ್ತಿಗೆದಾರ. ಮೆಲುದನಿಯ, ಎಲ್ಲರ ಮನೆಯಲ್ಲೂ ಇರಬಹುದಾದ ಅಪ್ಪ. ಕಥೆ ರಾಜಿಯಲ್ಲಿಯೂ ಮುಗಿಯುವುದಿಲ್ಲ. ಹುಡುಗ ಒಪ್ಪಿಕೊಳ್ಳದೆಯೇ ಹೊರಟುಹೋಗುತ್ತಾನೆ. ಪ್ರಶಸ್ತಿ ಹಂಚುವಾಗ ನಟನೆಗೆ ಎಮ್ಮಿ ಬಂದದ್ದು ಮಗನ ಪಾತ್ರ ಮಾಡಿದ ಸ್ಕಾಟ್ ಜಾಕೋಬಿಗೆ. ತೀರ್ಪುಗಾರರೂ ಕೇಳಿಸಿಕೊಂಡವನ ಮುಖವನ್ನೇ ನೋಡುತ್ತಿದ್ದರು ಎಂದು ಕುಹಕವಾಡಬಹುದು, ಹುಡುಗನ ನಟನೆಯೂ ಚೆನ್ನಾಗಿಯೇ ಇತ್ತು ಬಿಡಿ.

ಮೂರೇ ತಿಂಗಳಲ್ಲಿ ಅದೇ ಎಬಿಸಿ ಮತ್ತೆ ಹಿಂದಕ್ಕೆ ನಡೆಯಿತು. 'ಮಾರ್ಕಸ್ ವೆಲ್ಬಿ, ಎಂ.ಡಿ.' ಜನಪ್ರಿಯ ವೈದ್ಯರ ಧಾರಾವಾಹಿ. 1973ರ ಫೆಬ್ರವರಿಯ ಕಂತಿನಲ್ಲಿ ತನ್ನ ಒಲವನ್ನು ಮುಚ್ಚಿಟ್ಟುಕೊಂಡು ಕೊರಗುವ ಮದುವೆಯಾದ ಗಂಡಸಿಗೆ ದಯಾಳು ಡಾಕ್ಟರ್ ವೆಲ್ಬಿ, ಮನೋವೈದ್ಯರನ್ನು ಕಂಡು ಅದನ್ನು ಹತ್ತಿಕ್ಕಿಕೊ ಎಂಬ ಧಾಟಿಯ ಸಲಹೆ ಕೊಟ್ಟರು. ನ್ಯೂಯಾರ್ಕಿನ ಗೇ ಕಾರ್ಯಕರ್ತರು ವಾಹಿನಿಯ ಕಚೇರಿಗೇ ನುಗ್ಗಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅಮೆರಿಕನ್ ಸೈಕಿಯಾಟ್ರಿಕ್ ಅಸೋಸಿಯೇಷನ್ ಸಲಿಂಗಾಸಕ್ತಿಯನ್ನು ಮನೋರೋಗಗಳ ಪಟ್ಟಿಯಿಂದ ತೆಗೆಯಿತು. ಟಿವಿಯ ಡಾಕ್ಟರು ಮಾತ್ರ ಪಾಠ ಕಲಿಯಲಿಲ್ಲ: 1974ರ ಅಕ್ಟೋಬರ್‌ನಲ್ಲಿ ಬಾಲಕನ ಮೇಲೆ ಶಿಕ್ಷಕನೊಬ್ಬ ಅತ್ಯಾಚಾರ ಮಾಡುವ ಕಂತು ಬಂತು. ಈ ಸಲ ಪ್ರತಿಭಟನೆ ಎಷ್ಟು ಜೋರಾಗಿತ್ತೆಂದರೆ ಜಾಹೀರಾತುದಾರರು ಹಿಂದೆ ಸರಿದರು, ಕೆಲವು ನಗರಗಳ ಸ್ಥಳೀಯ ಕೇಂದ್ರಗಳು ಕಂತನ್ನು ಹಾಕಲೇ ಇಲ್ಲ. ಮುಂದಿನ ತಿಂಗಳು ಎನ್‌ಬಿಸಿಯ 'ಪೊಲೀಸ್ ವುಮನ್' ವೃದ್ಧಾಶ್ರಮದ ಮುದುಕಿಯರನ್ನು ಕೊಂದು ದೋಚುವ ಲೆಸ್ಬಿಯನ್ ಗುಂಪಿನ ಕಥೆ ಹೇಳಿದಾಗ ಲೆಸ್ಬಿಯನ್ ಸಂಘಟನೆಯವರು ಅಲ್ಲಿಗೂ ಹೋಗಿ ಬ್ಯಾನರ್ ಇಳಿಬಿಟ್ಟರು.

ಇಲ್ಲಿಂದ ಚಿತ್ರಕಥೆಗಳನ್ನು ಮೊದಲೇ ಓದಿ ಅಭಿಪ್ರಾಯ ಹೇಳುವ ಗೇ ಸಂಘಟನೆಗಳು ಹುಟ್ಟಿಕೊಂಡವು. ಸ್ಥಳೀಯ ಕೇಂದ್ರ ಕೈಕೊಡುವುದು ಎರಡೂ ಕಡೆಯ ಅಸ್ತ್ರ ಎಂಬುದನ್ನೂ ಮರೆಯಬಾರದು. ಪಶ್ಚಿಮ ಜರ್ಮನಿಯಲ್ಲಿ 1977ರಲ್ಲಿ ವೋಲ್ಫ್‌ಗಾಂಗ್ ಪೀಟರ್ಸನ್ ನಿರ್ದೇಶಿಸಿದ 'ದೀ ಕಾನ್ಸೆಕ್ವೆನ್ಸ್' ಎಂಬ ಗೇ ಪ್ರೇಮಕಥೆ ದೇಶಕ್ಕೆಲ್ಲ ಪ್ರಸಾರವಾಗುವಾಗ ಬವೇರಿಯಾದ ಪ್ರಸಾರ ಸಂಸ್ಥೆ ತನ್ನ ರಾಜ್ಯದಲ್ಲಿ ಅದನ್ನು ತೋರಿಸಲಿಲ್ಲ.

1981ರಲ್ಲಿ ಬಂದ 'ಡೈನಾಸ್ಟಿ'ಯ ಸ್ಟೀವನ್ ಕ್ಯಾರಿಂಗ್‌ಟನ್‌ನನ್ನು ಗೇ ಎನ್ನಬೇಕೋ ಬೇಡವೋ ಬರೆದವರಿಗೇ ಗೊತ್ತಿದ್ದಂತಿರಲಿಲ್ಲ. ತೈಲ ದೊರೆಯ ಮಗ ಅವನು. ಮೊದಲ ಸೀಸನ್‌ನಲ್ಲೇ ಅವನ ಪ್ರಿಯಕರ ಟೆಡ್‌ನನ್ನು ಅಪ್ಪ ತಳ್ಳುತ್ತಾನೆ, ತಲೆಗೆ ಪೆಟ್ಟಾಗಿ ಟೆಡ್ ಸಾಯುತ್ತಾನೆ. ಅಪ್ಪ ಜೈಲಿಗೆ ಹೋಗದೆ ಪಾರಾಗುತ್ತಾನೆ. ಸ್ಟೀವನ್ ಇಬ್ಬರು ಹೆಂಗಸರನ್ನು ಮದುವೆಯಾದ. ನಟ ಬದಲಾದಾಗ ತೈಲಬಾವಿಯ ಸ್ಫೋಟ, ಪ್ಲಾಸ್ಟಿಕ್ ಸರ್ಜರಿ ಎಂದು ಮುಖವನ್ನೇ ಬದಲಿಸಿದರು. 1985ರ ಹೊತ್ತಿಗೆ ಲ್ಯೂಕ್ ಎಂಬ ಇನ್ನೊಬ್ಬ ಪ್ರಿಯಕರ ಸಿಕ್ಕರೆ, ಮೊಲ್ಡೇವಿಯಾದ ಮದುವೆಮನೆಯ ಗುಂಡಿನ ಮಳೆಯಲ್ಲಿ ಅವನೂ ಹೋದ.

ಆ ವರ್ಷ ನಿಜಲೋಕದಲ್ಲಿ ಸಾವು ಬೇರೆ ರೂಪದಲ್ಲಿ ಬಂದಿತ್ತು. 1985ರ ಅಕ್ಟೋಬರ್ 2ರಂದು ನಟ ರಾಕ್ ಹಡ್ಸನ್ ಏಡ್ಸ್‌ನಿಂದ ತೀರಿಕೊಂಡರು. ಅವರು 'ಡೈನಾಸ್ಟಿ'ಯಲ್ಲೂ ಕಾಣಿಸಿಕೊಂಡಿದ್ದವರು. ಅದಾಗಿ ಆರು ವಾರ ತುಂಬುವುದರೊಳಗೆ, ನವೆಂಬರ್ 11ರಂದು, ಎನ್‌ಬಿಸಿಯಲ್ಲಿ 'ಆನ್ ಅರ್ಲಿ ಫ್ರಾಸ್ಟ್' ಬಂತು. ಶಿಕಾಗೋದ ಯುವ ವಕೀಲ ಮೈಕೆಲ್‌ಗೆ (ಏಡನ್ ಕ್ವಿನ್) ಏಡ್ಸ್ ಇದೆ ಎಂದು ಗೊತ್ತಾಗುತ್ತದೆ. ಹೆತ್ತವರ ಮನೆಗೆ ಹೋಗಿ ಎರಡು ಸುದ್ದಿಯನ್ನೂ ಒಟ್ಟಿಗೆ ಹೇಳಬೇಕು: ನಾನು ಗೇ, ನಾನು ಸಾಯಬಹುದು. ಅಪ್ಪ (ಬೆನ್ ಗಜಾರಾ) ಕೈ ಎತ್ತಲು ಹೋಗುತ್ತಾನೆ. ಬಸುರಿ ತಂಗಿ ಹತ್ತಿರ ಸೇರಿಸುವುದಿಲ್ಲ. ಆಂಬುಲೆನ್ಸ್ ಸಿಬ್ಬಂದಿ ಅವನನ್ನು ಮುಟ್ಟಲು ಒಪ್ಪುವುದಿಲ್ಲ. ಅಜ್ಜಿ ಮಾತ್ರ ಹಿಂದೆಮುಂದೆ ನೋಡದೆ ಅಪ್ಪಿಕೊಳ್ಳುತ್ತಾಳೆ.

ಅಂದು ರಾತ್ರಿ ಕೋಟ್ಯಂತರ ಜನ ಇದನ್ನು ನೋಡಿದರು. ಮುಟ್ಟಿದರೆ ಏಡ್ಸ್ ಬರುವುದಿಲ್ಲ ಎಂಬುದನ್ನು ಎಷ್ಟೋ ಮಂದಿ ಮೊದಲು ಕಲಿತದ್ದು ಇಲ್ಲೇ ಇರಬೇಕು. ಹಾಗಾಗಿ ಇದನ್ನು ಹಗುರವಾಗಿ ಟೀಕಿಸಲು ಮನಸ್ಸಾಗುವುದಿಲ್ಲ. ಆದರೂ ಚಿತ್ರದ ಕೇಂದ್ರ ಅಪ್ಪ ಅಮ್ಮನೇ. ಮೈಕೆಲ್ ಮತ್ತು ಅವನ ಸಂಗಾತಿ ಪೀಟರ್ ಗಂಡಹೆಂಡಿರಂತೆ ಬದುಕುವವರು, ತೆರೆಯ ಮೇಲೆ ಮಾತ್ರ ರೂಮ್‌ಮೇಟ್‌ಗಳಂತೆ ದೂರದೂರ. ಇದನ್ನು ಬರೆದ ರಾನ್ ಕೋವನ್ ಮತ್ತು ಡೇನಿಯಲ್ ಲಿಪ್‌ಮನ್ ಪದೇಪದೇ ತಿದ್ದಿ ಬರೆಯಬೇಕಾಯಿತು. ಅದೇ ಇಬ್ಬರು 2000ದಲ್ಲಿ 'ಕ್ವಿಯರ್ ಆ್ಯಸ್ ಫೋಕ್' ಧಾರಾವಾಹಿಯ ಅಮೆರಿಕನ್ ರೂಪವನ್ನು ಕಟ್ಟಿದರು. ಅದರಲ್ಲಿ ಯಾವುದಕ್ಕೂ ಹಿಂಜರಿಕೆ ಇರಲಿಲ್ಲ.

ಬ್ರಿಟನ್ನಿನಲ್ಲಿ ಹಿಡಿತ ಜಾಹೀರಾತುದಾರರದಲ್ಲ, ಪತ್ರಿಕೆಗಳದು ಮತ್ತು ರಾಜಕಾರಣಿಗಳದು. 1985ರಲ್ಲಿ 'ಬ್ರೂಕ್‌ಸೈಡ್' ಧಾರಾವಾಹಿಯ ಗಾರ್ಡನ್ ಕಾಲಿನ್ಸ್ ಎಂಬ ಹುಡುಗ ತಾನು ಗೇ ಎಂದು ಹೇಳಿಕೊಂಡ. ಮರುವರ್ಷ ಬಿಬಿಸಿಯ 'ಈಸ್ಟ್‌ಎಂಡರ್ಸ್'ಗೆ ಕಾಲಿನ್ ರಸೆಲ್ ಬಂದ, ನಟ ಮೈಕೆಲ್ ಕ್ಯಾಶ್ಮನ್. 1987ರಲ್ಲಿ ಕಾಲಿನ್ ತನ್ನ ಸಂಗಾತಿ ಬ್ಯಾರಿಯ ಹಣೆಗೆ ಒಂದು ಮುತ್ತಿಟ್ಟ. ಹಣೆಗೆ! ಅಷ್ಟಕ್ಕೇ ಟ್ಯಾಬ್ಲಾಯ್ಡ್‌ಗಳು ಹೊಲಸು ತಲೆಬರಹ ಹಾಕಿದವು. ಬ್ಯಾರಿಗೆ ಇನ್ನೂ 21 ಆಗಿರಲಿಲ್ಲವಾದ್ದರಿಂದ ಅವರ ಸಂಬಂಧ ಕಾನೂನಿಗೂ ವಿರುದ್ಧ, ಕಥೆ ಆ ಅಂಜಿಕೆಯನ್ನೂ ಬಳಸಿಕೊಂಡಿತು. 1988ರಲ್ಲಿ ಥ್ಯಾಚರ್ ಸರ್ಕಾರ ಸ್ಥಳೀಯ ಸಂಸ್ಥೆಗಳು ಸಲಿಂಗಾಸಕ್ತಿಯನ್ನು 'ಪ್ರೋತ್ಸಾಹಿಸಬಾರದು' ಎಂಬ ಸೆಕ್ಷನ್ 28 ತಂದಿತು. ಇಂಥ ಗಾಳಿಯಲ್ಲಿ 1989ರ ಜನವರಿಯಲ್ಲಿ ಕಾಲಿನ್ ಮತ್ತು ಅವನ ಹೊಸ ಸಂಗಾತಿ ಗೀಡೋ ತುಟಿಗೆ ತುಟಿ ತಾಗಿಸಿದರು. ಕ್ಯಾಶ್ಮನ್ ಸ್ವತಃ ಗೇ. ಅದೇ ವರ್ಷ ಇತರರೊಂದಿಗೆ ಸೇರಿ ಗೇ ಹಕ್ಕುಗಳಿಗಾಗಿ ಹೋರಾಡುವ ಸ್ಟೋನ್‌ವಾಲ್ ಸಂಸ್ಥೆಯನ್ನು ಕಟ್ಟಿದರು, ಮುಂದೆ ಯುರೋಪಿಯನ್ ಸಂಸತ್ತಿನ ಸದಸ್ಯರಾದರು.

ಆ ನವೆಂಬರ್‌ನಲ್ಲಿ ಅಮೆರಿಕದ 'ಥರ್ಟಿಸಮ್‌ಥಿಂಗ್' ಇಬ್ಬರು ಗಂಡಸರನ್ನು ಒಂದೇ ಹಾಸಿಗೆಯಲ್ಲಿ ತೋರಿಸಿತು. ಅವರು ಒಬ್ಬರನ್ನೊಬ್ಬರು ಮುಟ್ಟುವುದೂ ಇಲ್ಲ. ಏಡ್ಸ್‌ನಿಂದ ಸತ್ತ ಗೆಳೆಯರ ಬಗ್ಗೆ ಮಾತಾಡುತ್ತಾರೆ. ಎಬಿಸಿಗೆ 10 ಲಕ್ಷ ಡಾಲರ್‌ಗೂ ಹೆಚ್ಚು ಜಾಹೀರಾತು ಹಣ ಹೋಯಿತು, ಕಂತನ್ನು ಮರುಪ್ರಸಾರ ಮಾಡಲಿಲ್ಲ. ಹೆಂಗಸರ ಲೆಕ್ಕ ಬೇರೆ. 1991ರ ಫೆಬ್ರವರಿಯಲ್ಲಿ 'ಎಲ್.ಎ. ಲಾ'ದ ಇಬ್ಬರು ವಕೀಲೆಯರು ಮುತ್ತಿಟ್ಟುಕೊಂಡರು. ಫೆಬ್ರವರಿ ಅಮೆರಿಕದಲ್ಲಿ ವೀಕ್ಷಕರ ಸಂಖ್ಯೆ ಅಳೆದು ಜಾಹೀರಾತು ದರ ನಿಗದಿಯಾಗುವ ತಿಂಗಳುಗಳಲ್ಲಿ ಒಂದು. ಆಮೇಲೆ ಬೇರೆ ಧಾರಾವಾಹಿಗಳೂ ಅಂಥ ತಿಂಗಳಲ್ಲೇ ಹೆಂಗಸರಿಂದ ಮುತ್ತಿಡಿಸಲು ಶುರುಮಾಡಿದವು. ಮುತ್ತು ಆಯಿತು, ಕಥೆ ಮುಂದುವರಿಯಲಿಲ್ಲ.

ಕ್ಯಾಮೆರಾ ನಿಜವಾಗಿ ತಿರುಗಿದ್ದು 'ಮೈ ಸೋ-ಕಾಲ್ಡ್ ಲೈಫ್'ನಲ್ಲಿ ಎಂದು ನನ್ನ ಅಭಿಪ್ರಾಯ. 1994ರಲ್ಲಿ ಶುರುವಾಗಿ 19 ಕಂತಿಗೇ ಮುಗಿದ ಧಾರಾವಾಹಿ ಅದು. ಕಣ್ಣಿಗೆ ಕಾಡಿಗೆ ತೀಡಿಕೊಂಡು ಹುಡುಗಿಯರ ಶೌಚಾಲಯದಲ್ಲಿ ಹರಟೆ ಹೊಡೆಯುವ ರಿಕಿ ವಾಸ್ಕೆಜ್ ಎಂಬ ಹುಡುಗನ ಪಾತ್ರವನ್ನು ವಿಲ್ಸನ್ ಕ್ರೂಜ್ ಮಾಡಿದರು, ಅವರೂ ಗೇ. ರಿಕಿ ಏಟು ತಿಂದು ಮನೆಯಿಂದ ಹೊರಬಿದ್ದು ಕ್ರಿಸ್‌ಮಸ್ ಹೊತ್ತಿಗೆ ಬೀದಿಗೆ ಬರುತ್ತಾನೆ. ಕ್ರೂಜ್ ಅವರನ್ನೂ ನಿಜವಾಗಿ ಅಪ್ಪ ಕ್ರಿಸ್‌ಮಸ್ ಸಮಯದಲ್ಲೇ ಮನೆಯಿಂದ ಹೊರಹಾಕಿದ್ದರು. ಆ ಕಂತು ನೋಡಿದ ಮೇಲೆ ಇಬ್ಬರೂ ಮತ್ತೆ ಮಾತಾಡಿದರು. ಕೊನೆಯ ಕಂತಿನಲ್ಲಿ ಹುಡುಗಿಯೊಬ್ಬಳು ಮಾಮೂಲಿನಂತೆ, ನೀನು ಗೇ ಅಲ್ಲವೇ ಎಂದು ಕೇಳುತ್ತಾಳೆ. ರಿಕಿ ತಡವರಿಸಿ ಹೌದು ಎನ್ನುತ್ತಾನೆ, ಇದನ್ನು ಇಲ್ಲಿಯವರೆಗೆ ಬಾಯಿಬಿಟ್ಟು ಹೇಳಿಯೇ ಇರಲಿಲ್ಲ ಎಂದೂ ಸೇರಿಸುತ್ತಾನೆ. ಅಪ್ಪನಿಲ್ಲ, ಅಳುವವರಿಲ್ಲ. ಹೇಳಿದವನಿಗೆ ಹೇಗನಿಸಿತು ಎಂಬುದಷ್ಟೇ ದೃಶ್ಯ.

'ಡಾಸನ್ಸ್ ಕ್ರೀಕ್'ನ ಜ್ಯಾಕ್ ಮೆಕ್‌ಫೀ 1999ರ ಫೆಬ್ರವರಿಯಲ್ಲಿ ಅಪ್ಪನ ಮುಂದೆ ಅತ್ತು ಹೇಳಿದ. ಆದರೆ ಅದು ಅಲ್ಲಿಗೆ ನಿಲ್ಲಲಿಲ್ಲ. ಮುಂದಿನ ಸೀಸನ್‌ನಲ್ಲಿ ಅವನಿಗೆ ಮುತ್ತಿಡಲು ಬಿಡದಿದ್ದರೆ ಕೆಲಸ ಬಿಡುತ್ತೇನೆ ಎಂದು ಧಾರಾವಾಹಿಯ ಬರಹಗಾರ ಗ್ರೆಗ್ ಬೆರ್ಲಾಂಟಿ ಹಟ ಹಿಡಿದರು. 2000ದ ಮೇ 24ರಂದು ಆ ದೃಶ್ಯ ಕತ್ತರಿ ಬೀಳದೆ ಪ್ರಸಾರವಾಯಿತು. 'ಮೆಲ್ರೋಸ್ ಪ್ಲೇಸ್'ನಿಂದ ಇಲ್ಲಿಗೆ ಆರು ವರ್ಷ.

ಅದಕ್ಕೆ ಒಂದು ವರ್ಷ ಮೊದಲೇ, 1999ರ ಫೆಬ್ರವರಿ 23ರಂದು, ಬ್ರಿಟನ್ನಿನ ಚಾನೆಲ್ 4ರಲ್ಲಿ ರಸೆಲ್ ಟಿ. ಡೇವಿಸ್ ಬರೆದ 'ಕ್ವಿಯರ್ ಆ್ಯಸ್ ಫೋಕ್' ಶುರುವಾಗಿತ್ತು. ಮ್ಯಾಂಚೆಸ್ಟರ್‌ನ ಕೆನಾಲ್ ಸ್ಟ್ರೀಟ್ ಎಂಬ ಗೇ ಬಾರುಗಳ ಬೀದಿ, ಅಲ್ಲಿ ಸ್ಟುವರ್ಟ್, ವಿನ್ಸ್, ಹದಿನೈದರ ನೇಥನ್. ನೇಥನ್ ಯಾರ ಅಪ್ಪಣೆಗೂ ಕಾಯುವುದಿಲ್ಲ. ವಿನ್ಸ್ ಸೂಪರ್‌ಮಾರ್ಕೆಟ್ ಕೆಲಸದಲ್ಲಿ ಯಾರಿಗೂ ಹೇಳದೆ ಇದ್ದಾನೆ, ಅದು ದುರಂತವಲ್ಲ, ಪೇಚಾಟದ ಹಾಸ್ಯ. ಏಡ್ಸ್ ಬಗ್ಗೆ ಪಾಠವಿಲ್ಲ, ಗೇ ಅಲ್ಲದ ನೋಡುಗರಿಗೆ ಸಮಾಧಾನ ಹೇಳುವ ಪಾತ್ರವೂ ಇಲ್ಲ. ಸಂಪ್ರದಾಯಸ್ಥರು ಕೂಗಾಡಿದರು. ಗೇ ಸಮುದಾಯದಲ್ಲೂ ಕೆಲವರು, ನಮ್ಮನ್ನು ಇಷ್ಟು ಬೇಜವಾಬ್ದಾರಿಗಳಂತೆ ತೋರಿಸಬೇಕಿತ್ತೇ ಎಂದು ಮುನಿಸಿಕೊಂಡರು. ಪ್ರಾಯೋಜಕರಾಗಿದ್ದ ಬಿಯರ್ ಕಂಪನಿಯೊಂದು ಹಿಂದೆ ಸರಿಯಿತು. ಚಾನೆಲ್ 4 ಮರುವರ್ಷ ಮುಂದಿನ ಭಾಗವನ್ನೂ ಪ್ರಸಾರ ಮಾಡಿತು.