ಮುಂದಿನ ವರ್ಷಗಳಿಗಾಗಿ ಆಯ್ಕೆ: ಗ್ರೀನ್ ಬೇ ಪ್ಯಾಕರ್ಸ್ ಡ್ರಾಫ್ಟ್ ನೀತಿಯ ಹಿನ್ನೆಲೆ

2025ರ ಆಗಸ್ಟ್ ಕೊನೆಯಲ್ಲಿ, ಸೀಸನ್ ಶುರುವಾಗಲು ಕೆಲವೇ ದಿನಗಳಿದ್ದಾಗ, ಅಮೆರಿಕನ್ ಫುಟ್‌ಬಾಲ್‌ನ ಗ್ರೀನ್ ಬೇ ಪ್ಯಾಕರ್ಸ್ ತಂಡವು ಡಲ್ಲಾಸ್ ಕೌಬಾಯ್ಸ್‌ನಿಂದ ರಕ್ಷಣಾ ವಿಭಾಗದ ತಾರೆ ಮೈಕಾ ಪಾರ್ಸನ್ಸ್ ಅವರನ್ನು ತನ್ನದಾಗಿಸಿಕೊಂಡಿತು. ಅದಕ್ಕೆ ಬೆಲೆಯಾಗಿ 2026 ಮತ್ತು 2027ರ ಮೊದಲ ಸುತ್ತಿನ ಡ್ರಾಫ್ಟ್ ಆಯ್ಕೆಗಳನ್ನೂ, ರಕ್ಷಣಾ ಸಾಲಿನ ಹಿರಿಯ ಆಟಗಾರ ಕೆನ್ನಿ ಕ್ಲಾರ್ಕ್ ಅವರನ್ನೂ ಬಿಟ್ಟುಕೊಟ್ಟಿತು. ಬೇರೆ ತಂಡವೊಂದು ಹೀಗೆ ಮಾಡಿದ್ದರೆ ಅದು ಎರಡು ದಿನದ ಸುದ್ದಿಯಾಗಿ ಮುಗಿಯುತ್ತಿತ್ತು. ಆದರೆ ಡ್ರಾಫ್ಟ್ ಆಯ್ಕೆಗಳನ್ನು ಕೈಬಿಡದೆ, ಹುಡುಗರನ್ನು ತಾನೇ ಆರಿಸಿ ತಾನೇ ತಿದ್ದಿ ಬೆಳೆಸುವುದನ್ನು ಮೂರು ದಶಕಗಳಿಂದ ತನ್ನ ಗುರುತನ್ನಾಗಿ ಮಾಡಿಕೊಂಡ ತಂಡವೇ ಹೀಗೆ ನಡೆದುಕೊಂಡಾಗ, ಅದು ಹಳೆಯ ನೀತಿಯ ಮುಂದುವರಿಕೆಯೋ ಅಥವಾ ಅಂತ್ಯವೋ ಎಂಬ ಬಗ್ಗೆ ಅಭಿಮಾನಿಗಳಲ್ಲಿ ಈಗಲೂ ಒಮ್ಮತವಿಲ್ಲ.

ಐಪಿಎಲ್ ಹರಾಜು ನೋಡಿ ಅಭ್ಯಾಸವಾದವರಿಗೆ ಅಮೆರಿಕನ್ ಫುಟ್‌ಬಾಲ್‌ನ ಲೀಗ್ ಆದ ಎನ್‌ಎಫ್‌ಎಲ್‌ನ ಡ್ರಾಫ್ಟ್ ಸ್ವಲ್ಪ ವಿಚಿತ್ರವಾಗಿ ಕಾಣಬಹುದು. ಇಲ್ಲಿ ಹಣ ಹೆಚ್ಚಿಸುತ್ತಾ ಕೂಗುವುದಿಲ್ಲ, ಸರದಿ ಇದೆ. ಹಿಂದಿನ ಸೀಸನ್‌ನಲ್ಲಿ ಅತಿ ಹೆಚ್ಚು ಸೋತ ತಂಡಕ್ಕೆ ಕಾಲೇಜಿನಿಂದ ಬರುವ ಆಟಗಾರರಲ್ಲಿ ಮೊದಲ ಆಯ್ಕೆ, ಚಾಂಪಿಯನ್ ತಂಡಕ್ಕೆ ಕೊನೆಯದು. ಈಗ ಹೀಗೆ ಏಳು ಸುತ್ತುಗಳು, ಹಿಂದೆ ಇನ್ನೂ ಹೆಚ್ಚಿದ್ದವು. 1936ರಲ್ಲಿ ಆರಂಭವಾದ ಈ ಪದ್ಧತಿಯ ಉದ್ದೇಶ ಬಲಾಢ್ಯ ತಂಡಗಳು ಬಲಾಢ್ಯವಾಗಿಯೇ ಉಳಿಯದಂತೆ ನೋಡಿಕೊಳ್ಳುವುದು. ಆಯ್ಕೆಯ ಹಕ್ಕನ್ನು, ಮುಂದಿನ ವರ್ಷಗಳದ್ದನ್ನೂ ಸೇರಿಸಿ, ತಂಡಗಳು ಪರಸ್ಪರ ಬದಲಾಯಿಸಿಕೊಳ್ಳಬಹುದು. ಒಂದು ತಂಡ ತನ್ನ ಆಟಗಾರರ ಸಂಬಳಕ್ಕೆ ಒಟ್ಟು ಎಷ್ಟು ವ್ಯಯಿಸಬಹುದೆಂಬ ವೇತನ ಮಿತಿ 1994ರಿಂದ ಜಾರಿಯಲ್ಲಿದೆ. ಲೀಗ್ ಮತ್ತು ಆಟಗಾರರ ಸಂಘದ 2011ರ ಒಪ್ಪಂದದ ನಂತರ ಹೊಸ ಆಟಗಾರರ ಸಂಬಳವೂ ಬಹುಮಟ್ಟಿಗೆ ಆಯ್ಕೆಯ ಕ್ರಮಾಂಕದಂತೆ ನಿಗದಿಯಾಗುವುದರಿಂದ, ಚೆನ್ನಾಗಿ ಆರಿಸಿದ ಹುಡುಗ ತಂಡಕ್ಕೆ ನಾಲ್ಕು ವರ್ಷ ಅಗ್ಗದಲ್ಲಿ ದೊರೆಯುತ್ತಾನೆ. ಮೊದಲ ಸುತ್ತಿನವನಾದರೆ ತಂಡ ಬಯಸಿದಲ್ಲಿ ಐದನೆಯ ವರ್ಷವೂ ಉಂಟು.

ಪ್ಯಾಕರ್ಸ್ ಇತಿಹಾಸದಲ್ಲಿ ಈ ಪದ್ಧತಿಯ ಲಾಭವೂ ಇದೆ, ಪೆಟ್ಟೂ ಇದೆ. 1956ರಲ್ಲಿ 17ನೇ ಸುತ್ತಿನಲ್ಲಿ ಆರಿಸಿದ ಬಾರ್ಟ್ ಸ್ಟಾರ್ 1960ರ ದಶಕದಲ್ಲಿ ತಂಡವನ್ನು ಐದು ಬಾರಿ ಚಾಂಪಿಯನ್ ಮಾಡಿದರು. 1958ರ ಒಂದೇ ಡ್ರಾಫ್ಟ್‌ನಲ್ಲಿ ಜಿಮ್ ಟೇಲರ್, ರೇ ನಿಟ್ಶ್ಕೆ, ಜೆರಿ ಕ್ರೇಮರ್ ಮೂವರೂ ಬಂದರು. ವಿನ್ಸ್ ಲೊಂಬಾರ್ಡಿ ತರಬೇತುದಾರರಾಗಿ ಬಂದದ್ದು ಅದರ ಮರುವರ್ಷ ಎಂಬುದನ್ನು ಹೊಗಳಿಕೆಯ ಭರದಲ್ಲಿ ಹಲವರು ಮರೆಯುತ್ತಾರೆ. 1974ರಲ್ಲಿ ವಯಸ್ಸಾಗುತ್ತಿದ್ದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವ ಆಟಗಾರ) ಜಾನ್ ಹ್ಯಾಡ್ಲ್ ಅವರಿಗಾಗಿ ತಂಡವು ಮೊದಲ ಮೂರು ಸುತ್ತುಗಳ ಐದು ಆಯ್ಕೆಗಳನ್ನು ಲಾಸ್ ಏಂಜಲೀಸ್ ರ‍್ಯಾಮ್ಸ್‌ಗೆ ಕೊಟ್ಟು, ಹಲವು ವರ್ಷ ಅದರ ಫಲ ಅನುಭವಿಸಿತು. 1989ರಲ್ಲಿ ಎರಡನೆಯ ಆಯ್ಕೆಯಾಗಿ ಟೋನಿ ಮ್ಯಾಂಡರಿಚ್ ಅವರನ್ನು ತೆಗೆದುಕೊಂಡಿತು. ಆ ವರ್ಷದ ಮೊದಲ ಐವರಲ್ಲಿ ಉಳಿದ ನಾಲ್ವರೂ ಇಂದು ಹಾಲ್ ಆಫ್ ಫೇಮ್‌ನಲ್ಲಿದ್ದಾರೆ. 1968ರಿಂದ 1992ರವರೆಗಿನ ಕಾಲು ಶತಮಾನದಲ್ಲಿ ತಂಡ ಪ್ಲೇಆಫ್ ಕಂಡದ್ದು ಎರಡೇ ಸಲ.

ಇಂದಿನ ನೀತಿಯ ಬೇರು 1991ರ ಕೊನೆಯಲ್ಲಿ ಜನರಲ್ ಮ್ಯಾನೇಜರ್ ಆಗಿ ಬಂದ ರಾನ್ ವುಲ್ಫ್ ಅವರ ಕಾಲದ್ದು. ಅಟ್ಲಾಂಟದ ಬೆಂಚಿನಲ್ಲಿ ಕುಳಿತಿದ್ದ ಬ್ರೆಟ್ ಫಾವ್ರ್‌ಗಾಗಿ ಅವರು 1992ರಲ್ಲಿ ಮೊದಲ ಸುತ್ತಿನ ಆಯ್ಕೆಯೊಂದನ್ನೇ ಕೊಟ್ಟರು. 1993ರಲ್ಲಿ ಫ್ರೀ ಏಜೆಂಟ್ (ಕರಾರು ಮುಗಿದು ಯಾವ ತಂಡಕ್ಕಾದರೂ ಹೋಗಬಲ್ಲ ಆಟಗಾರ) ಆಗಿದ್ದ ರೆಜಿ ವೈಟ್ ಅವರನ್ನು ಕರೆತಂದರು. 1997ರ ಜನವರಿಯಲ್ಲಿ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದರು. ಅಂದರೆ ‘ಡ್ರಾಫ್ಟ್ ಮಾಡಿ ಬೆಳೆಸುವುದು’ ಎಂಬ ಹೆಸರಿನಲ್ಲಿ ಇಂದು ಪೂಜೆಗೊಳ್ಳುವ ಪರಂಪರೆಯ ಮೊದಲ ಎರಡು ದೊಡ್ಡ ಹೆಜ್ಜೆಗಳು ಡ್ರಾಫ್ಟ್‌ನ ಹೊರಗೇ ಬಿದ್ದಿದ್ದವು. ಈ ಮಾತನ್ನು ಪರಂಪರೆಯ ಭಕ್ತರು ಹೆಚ್ಚು ಎತ್ತುವುದಿಲ್ಲ.

ನೀತಿಗೆ ನಿಜವಾದ ಶಿಸ್ತು ಬಂದದ್ದು 2005ರಲ್ಲಿ ವುಲ್ಫ್ ಅವರ ಗರಡಿಯಲ್ಲೇ ಪಳಗಿದ್ದ ಟೆಡ್ ಥಾಂಪ್ಸನ್ ಜನರಲ್ ಮ್ಯಾನೇಜರ್ ಆದ ಮೇಲೆ. ಅವರ ಮೊದಲ ಡ್ರಾಫ್ಟ್‌ನಲ್ಲಿ, ಮೊದಲ ಆಯ್ಕೆಯಾಗಬಹುದೆಂದು ಹೇಳಲಾಗಿದ್ದ ಆರನ್ ರಾಜರ್ಸ್ 24ನೆಯ ಸ್ಥಾನದವರೆಗೆ ಜಾರಿ ಬಂದರು. ತಂಡಕ್ಕೆ ಆಗ ಕ್ವಾರ್ಟರ್‌ಬ್ಯಾಕ್ ಬೇಕಿರಲಿಲ್ಲ, ಫಾವ್ರ್ ಇದ್ದರು. ಆದರೂ ಆರಿಸಿ ಮೂರು ಸೀಸನ್ ಕೂರಿಸಿದರು. 2008ರಲ್ಲಿ ಫಾವ್ರ್ ನಿವೃತ್ತಿ ಘೋಷಿಸಿ, ಮನಸ್ಸು ಬದಲಿಸಿ, ಕೊನೆಗೆ ನ್ಯೂಯಾರ್ಕ್ ಜೆಟ್ಸ್‌ಗೆ ಹೋದಾಗ ಊರಿಗೆ ಊರೇ ಎರಡಾಯಿತು. 2011ರ ಫೆಬ್ರವರಿಯಲ್ಲಿ ರಾಜರ್ಸ್ ಪಿಟ್ಸ್‌ಬರ್ಗ್ ವಿರುದ್ಧ 31–25ರಿಂದ ಸೂಪರ್ ಬೌಲ್ ಗೆದ್ದ ಮೇಲೆ ವಾದ ಮುಗಿಯಿತು. ಆ ತಂಡದ ಬಹುಪಾಲು ಆಟಗಾರರು ಗ್ರೀನ್ ಬೇಯೇ ಆರಿಸಿ ಬೆಳೆಸಿದವರು. ಚಾರ್ಲ್ಸ್ ವುಡ್ಸನ್‌ರಂಥ ಫ್ರೀ ಏಜೆಂಟ್‌ಗಳು ಬೆರಳೆಣಿಕೆಯಷ್ಟು.

ಹೀಗೆ ಕಾಯುವುದು ಈ ತಂಡಕ್ಕೆ ಸಾಧ್ಯವಾಗುವುದಕ್ಕೆ ಒಂದು ರಚನಾತ್ಮಕ ಕಾರಣವೂ ಇದೆ. ಒಂದು ಲಕ್ಷದ ಆಸುಪಾಸಿನ ಜನಸಂಖ್ಯೆಯ ಊರಿನ ಈ ತಂಡಕ್ಕೆ ಒಬ್ಬ ಧಣಿ ಇಲ್ಲ. ಲಾಭಾಂಶ ಕಾಣದ ಐದು ಲಕ್ಷಕ್ಕೂ ಹೆಚ್ಚು ಷೇರುದಾರರಿದ್ದಾರೆ. ಈ ವರ್ಷವೇ ಗೆದ್ದು ತೋರಿಸು ಎಂದು ಮೇಜು ಗುದ್ದುವ ಮಾಲೀಕ ಇಲ್ಲದಿರುವುದು ಜನರಲ್ ಮ್ಯಾನೇಜರ್‌ಗೆ ದೊಡ್ಡ ನೆಮ್ಮದಿ. ಈ ನೆಮ್ಮದಿ ಕೆಲವೊಮ್ಮೆ ಹೆಚ್ಚಾಯಿತೇನೋ ಎಂದು ಅಭಿಮಾನಿಗಳಿಗೆ ಅನಿಸತೊಡಗಿದ್ದು 2011ರ ನಂತರ.

ಎರಡನೆಯ ಸುತ್ತಿನಲ್ಲಿ ವೈಡ್ ರಿಸೀವರ್‌ಗಳನ್ನು (ಎಸೆದ ಚೆಂಡನ್ನು ಹಿಡಿಯುವವರನ್ನು) ಹೆಕ್ಕುವುದರಲ್ಲಿ ಈ ತಂಡದ ಕೈ ಚೆನ್ನಾಗಿ ಪಳಗಿತ್ತು: 2006ರಲ್ಲಿ ಗ್ರೆಗ್ ಜೆನಿಂಗ್ಸ್, 2008ರಲ್ಲಿ ಜೋರ್ಡಿ ನೆಲ್ಸನ್, 2011ರಲ್ಲಿ ರ‍್ಯಾಂಡಲ್ ಕಾಬ್, 2014ರಲ್ಲಿ ಡವಾಂಟೆ ಆಡಮ್ಸ್. ಆದ್ದರಿಂದ ಮೊದಲ ಸುತ್ತಿನ ಆಯ್ಕೆಗಳನ್ನು ರಕ್ಷಣಾ ವಿಭಾಗಕ್ಕೆ ಮೀಸಲಿಡುವುದು ರೂಢಿಯಾಯಿತು. 2012ರಿಂದ 2019ರವರೆಗೆ ಮೊದಲ ಸುತ್ತಿನಲ್ಲಿ ಬಂದವರೆಲ್ಲರೂ ರಕ್ಷಣಾ ಆಟಗಾರರೇ. ಅಷ್ಟಾದರೂ ರಕ್ಷಣೆ ಗಟ್ಟಿಯಾಗಲಿಲ್ಲ. 2017ರಲ್ಲಿ 29ನೆಯ ಆಯ್ಕೆಯನ್ನು ಕ್ಲೀವ್‌ಲ್ಯಾಂಡ್‌ಗೆ ಕೊಟ್ಟು ಎರಡನೆಯ ಸುತ್ತಿಗೆ ಇಳಿದ ತಂಡ, 30ನೆಯವರಾಗಿ ಪಿಟ್ಸ್‌ಬರ್ಗ್‌ಗೆ ಹೋದ ವಿಸ್ಕಾನ್ಸಿನ್‌ನವರೇ ಆದ ಟಿ. ಜೆ. ವಾಟ್ ಅವರನ್ನು ಕಳೆದುಕೊಂಡಿತು. ಡ್ರಾಫ್ಟ್‌ನಲ್ಲಿ ಇಂಥ ತಪ್ಪುಗಳು ಎಲ್ಲರಿಗೂ ಆಗುತ್ತವೆ, ನಿಜ. ಆದರೆ ಹೊರಗಿನಿಂದ ಆಟಗಾರರನ್ನು ತರದ ತಂಡಕ್ಕೆ ಅಂಥ ತಪ್ಪನ್ನು ಮುಚ್ಚಲು ಬೇರೆ ದಾರಿ ಇರುವುದಿಲ್ಲ.

2018ರಲ್ಲಿ ಬ್ರಯಾನ್ ಗೂಟೆಕುನ್ಸ್ಟ್ ಜನರಲ್ ಮ್ಯಾನೇಜರ್ ಆದರು. ಮರುವರ್ಷ ಒಂದೇ ಬಾರಿಗೆ ನಾಲ್ವರು ಫ್ರೀ ಏಜೆಂಟ್‌ಗಳನ್ನು ತಂದಾಗ ಕಾಲ ಬದಲಾಯಿತೆಂದು ನಾವೆಲ್ಲ ಸಂಭ್ರಮಿಸಿದೆವು. ಆ ಸೀಸನ್‌ನಲ್ಲಿ ತಂಡ 13 ಪಂದ್ಯ ಗೆದ್ದು, ಸೂಪರ್ ಬೌಲ್‌ಗೆ ಒಂದು ಹೆಜ್ಜೆ ದೂರದಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ಸೋತಿತು. ಅದಾದ ಮೂರು ತಿಂಗಳಿಗೆ ಬಂದದ್ದೇ 2020ರ ಡ್ರಾಫ್ಟ್.

ರಿಸೀವರ್‌ಗಳ ಸುಗ್ಗಿಯೆಂದೇ ಆ ವರ್ಷವನ್ನು ಬಣ್ಣಿಸಲಾಗಿತ್ತು. ರಾಜರ್ಸ್‌ಗೆ 36 ವರ್ಷ. ಆಡಮ್ಸ್ ಬಿಟ್ಟರೆ ಚೆಂಡು ಹಿಡಿಯಲು ಭರವಸೆಯ ಕೈಗಳಿರಲಿಲ್ಲ. ತಂಡವು ನಾಲ್ಕನೆಯ ಸುತ್ತಿನ ಆಯ್ಕೆಯೊಂದನ್ನು ಸೇರಿಸಿ ಕೊಟ್ಟು 30ರಿಂದ 26ಕ್ಕೆ ಏರಿ, ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಲವ್ ಅವರನ್ನು ಆರಿಸಿತು. ಇಡೀ ಡ್ರಾಫ್ಟ್‌ನಲ್ಲಿ ಒಬ್ಬ ರಿಸೀವರ್‌ನನ್ನೂ ತೆಗೆದುಕೊಳ್ಳಲಿಲ್ಲ. ರಾಜರ್ಸ್ ಮುಂದಿನ ಎರಡೂ ಸೀಸನ್‌ಗಳಲ್ಲಿ ಲೀಗ್‌ನ ಅತ್ಯಮೂಲ್ಯ ಆಟಗಾರರಾದರು. ಎರಡೂ ಸಲ ತಂಡ ತವರಿನ ಲ್ಯಾಂಬೋ ಫೀಲ್ಡ್‌ನಲ್ಲೇ ಹೊರಬಿತ್ತು: 2021ರ ಜನವರಿಯಲ್ಲಿ ಟ್ಯಾಂಪಾ ಬೇ ವಿರುದ್ಧ 31–26, ಮರುವರ್ಷ ಸ್ಯಾನ್ ಫ್ರಾನ್ಸಿಸ್ಕೊ ವಿರುದ್ಧ 13–10. ಇನ್ನೊಬ್ಬ ಒಳ್ಳೆಯ ರಿಸೀವರ್ ಇದ್ದಿದ್ದರೆ ಫಲಿತಾಂಶ ಬದಲಾಗುತ್ತಿತ್ತೆಂದು ಯಾರೂ ಸಾಬೀತು ಮಾಡಲಾರರು. ಹತ್ತೇ ಅಂಕ ಗಳಿಸಿ ಪಂದ್ಯ ಸೋತ ರಾತ್ರಿ ಆ ಯೋಚನೆ ಬಾರದೆ ಇರಲೂ ಸಾಧ್ಯವಿರಲಿಲ್ಲ.

2005ರ ಮಾದರಿಯನ್ನೇ ಮತ್ತೆ ಬಳಸಿದರೆಂಬುದು ಈ ಆಯ್ಕೆಯ ಸಮರ್ಥಕರ ವಾದ. ಆದರೆ ನಡುವೆ ಲೆಕ್ಕ ಬದಲಾಗಿತ್ತು. 2011ರ ನಂತರದ ವ್ಯವಸ್ಥೆಯಲ್ಲಿ ಎಳೆಯ ಕ್ವಾರ್ಟರ್‌ಬ್ಯಾಕ್‌ನ ದೊಡ್ಡ ಲಾಭವೆಂದರೆ ಅವನ ಅಗ್ಗದ ನಾಲ್ಕು ವರ್ಷಗಳು. ಉಳಿದ ಹಣದಲ್ಲಿ ಸುತ್ತಲಿನ ತಂಡವನ್ನು ಬಲಪಡಿಸಬಹುದು. ಲವ್ ಅವರ ಆ ನಾಲ್ಕರಲ್ಲಿ ಮೂರು ವರ್ಷ ಬೆಂಚಿನಲ್ಲೇ ಕಳೆದವು. ನಾಲ್ಕನೆಯದಾದ 2023ರಲ್ಲಿ, ಜೆಟ್ಸ್‌ಗೆ ಹೋಗಿಬಿಟ್ಟಿದ್ದ ರಾಜರ್ಸ್‌ರ ಹಳೆಯ ಕರಾರಿನ ಬಾಕಿಯೇ ವೇತನ ಮಿತಿಯಲ್ಲಿ 40 ಮಿಲಿಯನ್ ಡಾಲರ್‌ಗೂ ಹೆಚ್ಚು ನುಂಗಿತು. ಲವ್ ಮಾತ್ರ ನಿರಾಸೆ ಮಾಡಲಿಲ್ಲ: ಲೀಗ್‌ನ ಅತ್ಯಂತ ಕಿರಿಯ ತಂಡವನ್ನು ಪ್ಲೇಆಫ್‌ಗೆ ಒಯ್ದು ಡಲ್ಲಾಸ್‌ನಲ್ಲಿ 48–32ರಿಂದ ಗೆದ್ದರು. 2024ರ ಜುಲೈನಲ್ಲಿ ನಾಲ್ಕು ವರ್ಷಕ್ಕೆ 220 ಮಿಲಿಯನ್ ಡಾಲರ್‌ಗಳ ಹೊಸ ಕರಾರು ಅವರ ಕೈಸೇರಿತು. ಆಟಗಾರನನ್ನು ಆರಿಸಿದ್ದು ಸರಿಯಿತ್ತು, ಆರಿಸಿದ ವರ್ಷ ಸರಿಯಿರಲಿಲ್ಲ ಎಂದು ಹೇಳುವವರ ಮಾತಿಗೆ ಇಲ್ಲಿ ತೂಕ ಸಿಗುತ್ತದೆ.

ಆಡಮ್ಸ್ 2022ರಲ್ಲಿ ಲಾಸ್ ವೇಗಸ್‌ಗೆ ಹೋದರು. ಪ್ರತಿಯಾಗಿ ಬಂದ ಎರಡು ಆಯ್ಕೆಗಳಲ್ಲಿ ಒಂದು 53ನೆಯದು. 2014ರಲ್ಲಿ ಆಡಮ್ಸ್ ಆಯ್ಕೆಯಾದದ್ದೂ ಅದೇ ಕ್ರಮಾಂಕದಲ್ಲಿ. ಅದನ್ನು ತನ್ನದೇ ಎರಡನೆಯ ಸುತ್ತಿನ ಆಯ್ಕೆಯೊಂದಿಗೆ ಸೇರಿಸಿ 34ಕ್ಕೆ ಏರಿ ಕ್ರಿಶ್ಚಿಯನ್ ವಾಟ್ಸನ್ ಅವರನ್ನು ತಂದರು. ಮೊದಲ ಸುತ್ತಿನಲ್ಲಿ ರಿಸೀವರ್ ಬರಲು 2025ರ ಏಪ್ರಿಲ್‌ವರೆಗೆ ಕಾಯಬೇಕಾಯಿತು. ಗ್ರೀನ್ ಬೇಯಲ್ಲೇ ನಡೆದ ಆ ಡ್ರಾಫ್ಟ್‌ನಲ್ಲಿ 23ನೆಯವರಾಗಿ ಮ್ಯಾಥ್ಯೂ ಗೋಲ್ಡನ್ ಅವರ ಹೆಸರು ಕೇಳಿದಾಗ ಕ್ರೀಡಾಂಗಣದ ಹೊರಗೆ ಎದ್ದ ಕೂಗಿನಲ್ಲಿ 2002ರಿಂದ, ಅಂದರೆ ಮೊದಲ ಸುತ್ತಿನ ಹಿಂದಿನ ರಿಸೀವರ್ ಜೇವಾನ್ ವಾಕರ್ ಅವರ ಆಯ್ಕೆಯಿಂದ, ಕಟ್ಟಿಕೊಂಡಿದ್ದ ಅಸಹನೆಯೂ ಬೆರೆತಿತ್ತು.

ಅದಾದ ನಾಲ್ಕೇ ತಿಂಗಳಿಗೆ ಪಾರ್ಸನ್ಸ್ ಬಂದರು. 1974ರ ವ್ಯವಹಾರದೊಂದಿಗೆ ಇದನ್ನು ಹೋಲಿಸುವವರಿದ್ದಾರೆ. ಆದರೆ ಹ್ಯಾಡ್ಲ್ ಆಗ ಮೂವತ್ತು ದಾಟಿದ್ದರು, ಪಾರ್ಸನ್ಸ್‌ಗೆ ಬಂದಾಗ 26. 1992–93ರ ವುಲ್ಫ್ ಅವರ ನಡೆಗಳೇ ಇದಕ್ಕೆ ಹತ್ತಿರದ ಹೋಲಿಕೆ. ನಾಲ್ಕು ವರ್ಷಕ್ಕೆ 188 ಮಿಲಿಯನ್ ಡಾಲರ್‌ಗಳ ಕರಾರಿನೊಂದಿಗೆ ಬಂದ ಅವರು 2025ರ ಡಿಸೆಂಬರ್‌ನಲ್ಲಿ ಡೆನ್ವರ್‌ನಲ್ಲಿ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡು ಸೀಸನ್ನಿನಿಂದ ಹೊರಬಿದ್ದರು. ಗಾಯ ಯಾರ ತಪ್ಪೂ ಅಲ್ಲ. ಆದರೆ ಲವ್ ಮತ್ತು ಪಾರ್ಸನ್ಸ್ ಇಬ್ಬರ ಸಂಬಳವೇ ವರ್ಷಕ್ಕೆ ಸರಾಸರಿ ನೂರು ಮಿಲಿಯನ್ ಮುಟ್ಟುವಾಗ ಉಳಿದ ಸ್ಥಾನಗಳನ್ನು ಅಗ್ಗದ ಹುಡುಗರಿಂದಲೇ ತುಂಬಬೇಕು. ಅಂಥ ಹುಡುಗರಲ್ಲಿ ಉತ್ತಮರು ಸಿಗುವ ಮೊದಲ ಸುತ್ತು ಎರಡು ವರ್ಷ ಡಲ್ಲಾಸ್‌ನ ಪಾಲಾಗಿದೆ. ಹೀಗಾಗಿ ಜೆನಿಂಗ್ಸ್, ನೆಲ್ಸನ್, ಆಡಮ್ಸ್ ಅವರನ್ನು ಹುಡುಕಿಕೊಟ್ಟ ಆ ಎರಡನೆಯ ಸುತ್ತಿನ ಮೇಲೆಯೇ 2026 ಮತ್ತು 2027ರಲ್ಲಿ ತಂಡ ಹೆಚ್ಚು ಅವಲಂಬಿಸಬೇಕಾಗಿದೆ.