ನೀರು ನುಗ್ಗಿದ ಕಾರನ್ನು ಒಂದ್ಸಲ ಸ್ಟಾರ್ಟ್ ಮಾಡಿ ನೋಡಬಹುದಾ?

ಬೇಡ. ಕಬಿನಿಯಿಂದ ನೀರು ಬಿಟ್ಟು ನಂಜನಗೂಡಿನ ಮಲ್ಲನಮೂಲೆ ಮಠದ ಹತ್ತಿರ ರಸ್ತೆ ಮುಳುಗಿದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಪ್ರತಿ ಸಲವೂ ಉತ್ತರ ಇದೇ. ಕೀ ಮುಟ್ಟಬೇಡಿ. ಗೇರ್‌ಗೆ ಹಾಕಿ ತಳ್ಳಿಸುವುದೂ ಬೇಡ. ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ, ಟೋಯಿಂಗ್ ಗಾಡಿ ಕರೆಸಿ.

ಆದರೂ ಪಕ್ಕದಲ್ಲಿ ನಿಂತವರು ಯಾರಾದರೂ ಹೇಳೇ ಹೇಳುತ್ತಾರೆ: "ಸ್ಟಾರ್ಟ್ ಮಾಡಿ ಅರ್ಧ ಗಂಟೆ ಬಿಡಿ ಸಾರ್, ಬಿಸಿಗೆ ನೀರೆಲ್ಲ ಆರೋಗುತ್ತೆ." ದಯವಿಟ್ಟು ಈ ಮಾತು ಕೇಳಬೇಡಿ. ಎಂಜಿನ್ ಬಿಸಿಯಾಗಬೇಕಾದರೆ ಮೊದಲು ತಿರುಗಬೇಕು, ಅಲ್ವಾ? ಕೆಡುವುದು ಆ ಮೊದಲ ಸುತ್ತುಗಳಲ್ಲೇ. ಪಿಸ್ಟನ್ ಮೇಲೇರುತ್ತಾ ಸಿಲಿಂಡರಿನ ಗಾಳಿಯನ್ನು ಅಮುಕುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಸುಮಾರು 10 ಪಾಲು ಗಾಳಿ 1 ಪಾಲಿನ ಜಾಗಕ್ಕೆ ಇಳಿಯುತ್ತದೆ. ಡೀಸೆಲ್‌ನಲ್ಲಿ 16ರ ಆಸುಪಾಸು. ಗಾಳಿ ಅಮುಕಿದರೆ ಕುಗ್ಗುತ್ತದೆ, ಸಿಲಿಂಡರಿಗೆ ನುಗ್ಗಿದ ನೀರು ಕುಗ್ಗುವುದಿಲ್ಲ. ಪಿಸ್ಟನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಕೆಳಗಿನಿಂದ ಕ್ರ್ಯಾಂಕ್ (ಎಂಜಿನ್ನಿನ ತಿರುಗುವ ದಂಡ) ತಳ್ಳುತ್ತಲೇ ಇರುತ್ತದೆ. ನಡುವೆ ಇರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮುರಿದರೆ ಬ್ಲಾಕನ್ನೇ ತೂತು ಮಾಡಿಬಿಡುತ್ತದೆ. ಆರುವಷ್ಟು ಹೊತ್ತು ಅದಕ್ಕೆ ಎಲ್ಲಿ ಸಿಗುತ್ತದೆ?

"ನಮ್ಮದು ಸ್ಟಾರ್ಟ್ ಆಯ್ತಲ್ಲ" ಅನ್ನುವವರೂ ಇದ್ದಾರೆ. ಅವರ ಸಿಲಿಂಡರಿಗೆ ನೀರು ಹೋಗಿರಲಿಲ್ಲ, ಅಷ್ಟೇ. ಇಲ್ಲವೇ ರಾಡ್ ಚೂರು ಬಾಗಿದೆ, ಇನ್ನೂ ಮುರಿದಿಲ್ಲ.

ಒಳ್ಳೆ ಮೆಕ್ಯಾನಿಕ್ ಮೊದಲು ಏರ್ ಫಿಲ್ಟರ್ ಬಾಕ್ಸ್ ತೆರೆದು ಒದ್ದೆಯಾಗಿದೆಯಾ ನೋಡುತ್ತಾರೆ. ಆಮೇಲೆ ಸ್ಪಾರ್ಕ್ ಪ್ಲಗ್ ಎಲ್ಲ ಬಿಚ್ಚಿ, ಸ್ಪ್ಯಾನರ್ ಹಾಕಿ ಎಂಜಿನ್ನನ್ನು ಕೈಯಲ್ಲೇ ನಿಧಾನವಾಗಿ ತಿರುಗಿಸುತ್ತಾರೆ. ನೀರಿದ್ದರೆ ಆ ತೂತುಗಳಿಂದ ಹೊರಗೆ ಉಕ್ಕುತ್ತದೆ. ಡೀಸೆಲ್ ಆದರೆ ಇಂಜೆಕ್ಟರ್ ಅಥವಾ ಗ್ಲೋ ಪ್ಲಗ್ ಬಿಚ್ಚಬೇಕು. ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಬಣ್ಣ ಸರಿಯಿದ್ದರೂ ಸುಮ್ನೆ ಬಿಡಬೇಡಿ, ನೀರು ತಳದಲ್ಲಿ ನಿಂತಿರಬಹುದು. ಎಂಜಿನ್ ಆಯಿಲ್, ಫಿಲ್ಟರ್ ಬದಲಾಯಿಸಿ. ಗೇರ್ ಆಯಿಲ್ ಕೂಡ.

ಇದನ್ನು ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಹೀಗೆ ಮುಳುಗಿದ ಎಷ್ಟೋ ಕಾರುಗಳು ಆಮೇಲೆ ಸೆಕೆಂಡ್ ಹ್ಯಾಂಡ್ ಆಗಿ ಮಾರಾಟಕ್ಕೆ ಬರುತ್ತವೆ. ಮೈಸೂರಲ್ಲೋ ಮಂಡ್ಯದಲ್ಲೋ ಕಾರು ನೋಡಲು ಹೋದರೆ ಸೀಟ್ ಬೆಲ್ಟನ್ನು ಕೊನೇವರೆಗೂ ಎಳೆಯಿರಿ. ಸೀಟು ತೊಳೆಸುತ್ತಾರೆ, ಕಾರ್ಪೆಟ್ ಬದಲಾಯಿಸುತ್ತಾರೆ, ಸೆಂಟೂ ಹೊಡೆಯುತ್ತಾರೆ. ಬೆಲ್ಟ್ ಸುತ್ತಿಕೊಂಡಿರುವ ಜಾಗಕ್ಕೆ ಕೈ ಹಾಕುವವರು ಕಡಿಮೆ. ಬೆಲ್ಟಿನ ಕೊನೆಯ ಗೇಣಿನಲ್ಲಿ ಕೆಸರಿನ ಗೆರೆ ಕಂಡರೆ ರೇಟ್ ಮಾತಾಡಲೇ ಹೋಗಬೇಡಿ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ, ಅದರ ಕೆಳಗೂ ಬೆರಳಾಡಿಸಿ ನೋಡಿ.